ದೇವರನ್ನು ನಂಬದವರಿಗೆ ನೀತಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ದೇವರ ಭಯವೇ ಇಲ್ಲದವರು ಯಾಕೆ ಒಳ್ಳೆಯವರಾಗಿರಬೇಕು? ಅಂಥವರ ಜೊತೆ ಆಸ್ತಿಕರು ಮಾತಾಡಿ ಏನು ಪ್ರಯೋಜನ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಇರಲಿ, ಈ ಸಲ ಬಿಡಿಸಿ ಹೇಳುತ್ತೇನೆ.

ಭಯ ಇದ್ದರೆ ಮಾತ್ರ ನೀತಿ ಎಂಬ ನಂಬಿಕೆಯೇ ತಪ್ಪು. ಹುಂಡಿಗೆ ಕಾಣಿಕೆ ಹಾಕಿ ಬಂದು ತೂಕದಲ್ಲಿ ಮೋಸ ಮಾಡುವವರನ್ನು ನೀವೂ ನೋಡಿದ್ದೀರಿ ಅಲ್ವಾ? ಇನ್ನು ಜೈನರು. ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂದು ಅವರು ಒಪ್ಪುವುದಿಲ್ಲ. ಆದರೂ ಅಹಿಂಸೆಯಲ್ಲಿ ಅವರಷ್ಟು ಕಟ್ಟುನಿಟ್ಟು ಯಾರಿದ್ದಾರೆ? ವೇದವೇ ಪ್ರಮಾಣ ಎನ್ನುವ ಮೀಮಾಂಸಕ ಕುಮಾರಿಲ ಭಟ್ಟರೂ ಸೃಷ್ಟಿಕರ್ತ ಇದ್ದಾನೆ ಎಂಬ ವಾದವನ್ನು ಖಂಡಿಸಿದರು. ಧರ್ಮವನ್ನಂತೂ ಬಿಡಲಿಲ್ಲ. ಇವರ್ಯಾರೂ ಹೊರದೇಶದಿಂದ ಬಂದವರಲ್ಲ.

ಹತ್ತಿರದ ಉದಾಹರಣೆ ಬೇಕೇ? ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್. ಸಸ್ಯಶಾಸ್ತ್ರದ ಮೇಷ್ಟ್ರು. ದೇವರಿಲ್ಲ ಎಂದಿದ್ದಕ್ಕೆ ಕೆಲಸ ಕಳೆದುಕೊಂಡರು. 1940ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. ಅಸ್ಪೃಶ್ಯತೆಯ ವಿರುದ್ಧ ಹಳ್ಳಿಗಳಲ್ಲಿ ದುಡಿದರು. ಯಾವ ದೇವರ ಭಯಕ್ಕೆ ಇದನ್ನೆಲ್ಲ ಮಾಡಿದರು, ಹೇಳಿ? ಎದುರಿಗಿರುವವರೂ ತಮ್ಮಂತೆ ಮನುಷ್ಯರು ಎಂಬುದೊಂದೇ ಅವರಿಗೆ ಸಾಕಾಗಿತ್ತು.

1944ರಲ್ಲಿ ಗೋರಾ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯ ಜೊತೆ ಮಾತಾಡಿದರು. ಗಾಂಧೀಜಿ ದಿನವೂ ಪ್ರಾರ್ಥನೆ ಮಾಡುವವರು. ಆದರೆ ‘ದೇವರು ಸತ್ಯ’ ಎನ್ನುವ ಬದಲು ‘ಸತ್ಯವೇ ದೇವರು’ ಎನ್ನುವುದೇ ಸರಿ ಎಂದು ಅವರು 1931ರಲ್ಲೇ ಹೇಳಿದ್ದರು. ಸತ್ಯ ಬೇಕು ಎನ್ನುವುದನ್ನು ನಾಸ್ತಿಕರೂ ಅಲ್ಲಗಳೆಯುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಇಬ್ಬರಲ್ಲಿ ಯಾರೂ ತಮ್ಮ ನಂಬಿಕೆ ಬಿಡಲಿಲ್ಲ. ಆದರೂ ಗೋರಾ ತಮ್ಮ ಮಗಳಿಗೆ ದಲಿತ ಯುವಕನೊಂದಿಗೆ ಮದುವೆ ನಿಶ್ಚಯಿಸಿದಾಗ, ಅದು ಸೇವಾಗ್ರಾಮದಲ್ಲೇ ಆಗಲಿ ಎಂದು ಗಾಂಧೀಜಿ ಒಪ್ಪಿದರು. ಅಷ್ಟರಲ್ಲಿ ಅವರ ಹತ್ಯೆಯಾಯಿತು. ಮದುವೆ 1948ರ ಮಾರ್ಚ್‌ನಲ್ಲಿ ಅಲ್ಲೇ ನಡೆಯಿತು. ಮಾತಾಡಿ ಏನು ಪ್ರಯೋಜನ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಮದುವೆಯ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಶಾಸ್ತ್ರ ಬೇಡ ಎನ್ನುವ ಮಕ್ಕಳ ಮೇಲೆ ಎಷ್ಟೋ ತಂದೆ ತಾಯಿ ಸುಮ್ನೆ ಸಿಟ್ಟಾಗುತ್ತಾರೆ. ಮಂತ್ರ, ಹೋಮ ಇಲ್ಲದಿದ್ದರೆ ಮದುವೆಯೇ ಅಲ್ಲ ಎಂದುಕೊಂಡಿದ್ದಾರೆ. 1954ರ ವಿಶೇಷ ವಿವಾಹ ಕಾಯ್ದೆಗೆ ಇವು ಯಾವುವೂ ಬೇಕಿಲ್ಲ. ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಜೊತೆ ಹೋಗಿ ಸಹಿ ಹಾಕಬೇಕು. ಆ ಮೂವರಲ್ಲಿ ಪೂಜೆ ಬಿಡದ ಅಜ್ಜಿಯೂ ಒಬ್ಬರಾಗಬಹುದು.