ಕೊನೆಯ ಸಂಬಳದಲ್ಲಿ ಕಮಿಷನ್ ಹಿಡಿದುಕೊಂಡರೆ

ತಂಗಿ ಸೇಲ್ಸ್ ಕೆಲಸ ಬಿಟ್ಟಾಗ ಬಂದ ಕೊನೆಯ ಸ್ಯಾಲರಿ ಸ್ಲಿಪ್ ಇನ್ನೂ ನನ್ನ ಹತ್ತಿರ ಇದೆ. ಸಂಬಳ 22,000. ಕೆಳಗೆ 'ಇತರೆ ಕಡಿತ 14,600' ಅಂತ ಒಂದೇ ಸಾಲು. ಫೋನ್ ಮಾಡಿದರೆ, "ನಿಮಗೆ ಕಮಿಷನ್ ಜಾಸ್ತಿ ಹೋಗಿತ್ತು ಮೇಡಂ, ಸೆಟಲ್‌ಮೆಂಟ್‌ನಲ್ಲಿ ಹಿಡಿದಿದ್ದೀವಿ" ಅಂದರು. ಯಾವ ತಿಂಗಳದು, ಯಾವ ಆರ್ಡರ್‌ದು ಅಂತ ಹೇಳಲೇ ಇಲ್ಲ. ಕಾರ್ಮಿಕ ಕಾನೂನಿನಲ್ಲಿ ಸಂಬಳ ಕಡಿತದ ಪಾಠ ಓದುವಾಗೆಲ್ಲ ನನಗೆ ಆ ಸಾಲು ನೆನಪಾಗುತ್ತದೆ.

ಮೊದಲು ಕಾನೂನು. 1936ರ ವೇತನ ಪಾವತಿ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಜಾರಿಯಾದದ್ದು 2025ರ ನವೆಂಬರ್ 21ರಂದು. ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿ ಒಳಗಿನವರಿಗೆ ಮಾತ್ರ ಇತ್ತು. ಈಗ ಆ ಮಿತಿ ಇಲ್ಲ.

ಸಂಹಿತೆಯ 18ನೇ ಸೆಕ್ಷನ್ ಚೆನ್ನಾಗಿ ಓದಿಕೊಳ್ಳಿ. ಅಲ್ಲಿ ಹೇಳಿದ ಕಾರಣ ಬಿಟ್ಟು ಬೇರೆ ಯಾವ ಕಾರಣಕ್ಕೂ ಸಂಬಳ ಹಿಡಿಯುವಂತಿಲ್ಲ. ಮುಂಗಡದ ವಸೂಲಿ, ಹೆಚ್ಚಾಗಿ ಕೊಟ್ಟ ವೇತನದ ಹೊಂದಾಣಿಕೆ ಎರಡೂ ಆ ಪಟ್ಟಿಯಲ್ಲಿವೆ. ಹಾಗಾಗಿ 'ಹಿಡಿಯಲೇಬಾರದು' ಅಂತ ಪರೀಕ್ಷೆಯಲ್ಲಿ ಬರೆದರೆ ತಪ್ಪು. ಆದರೆ ಒಂದು ಸಂಬಳದ ಅವಧಿಯಲ್ಲಿ ಎಲ್ಲಾ ಕಡಿತ ಸೇರಿ ವೇತನದ ಶೇ. 50 ದಾಟಬಾರದು. ತಂಗಿಯ ಲೆಕ್ಕವನ್ನೇ ಇದಕ್ಕೆ ಹಾಕಿ ನೋಡಿ. 22,000ಕ್ಕೆ ಅರ್ಧ 11,000. ಅದರಲ್ಲಿ ಪಿಎಫ್ 1,800 ಹೋಯಿತು ಅಂದುಕೊಳ್ಳಿ. ಉಳಿಯುವುದು 9,200. ಕಂಪನಿಯ ಮಾತು ಪೂರ್ತಿ ನಿಜವಾಗಿದ್ದರೂ ಒಂದೇ ಏಟಿಗೆ 14,600 ಹಿಡಿಯಲು ಬರುವುದಿಲ್ಲ.

ಇನ್ನು ನಾನು ತುಂಬಾ ಹೊತ್ತು ತಲೆ ಕೆಡಿಸಿಕೊಂಡ ಭಾಗ. ಸಂಹಿತೆಯ 'ವೇತನ'ದ ವ್ಯಾಖ್ಯೆಯಿಂದ ಕಮಿಷನ್ ಹೊರಗಿದೆ! ಹೊರಗಿಟ್ಟ ಮೊತ್ತಗಳು ಒಟ್ಟು ಸಂಭಾವನೆಯ ಅರ್ಧ ದಾಟಿದರೆ ಮಾತ್ರ, ದಾಟಿದಷ್ಟು ವೇತನಕ್ಕೆ ಸೇರುತ್ತದೆ. ಸಂಬಳ 18,000, ಕಮಿಷನ್ 30,000 ಇದ್ದರೆ ಒಟ್ಟು 48,000, ಅರ್ಧ 24,000. ಕಮಿಷನ್ 6,000 ಜಾಸ್ತಿ ಇದೆ, ಹಾಗಾಗಿ ವೇತನ 24,000 ಆಗುತ್ತದೆ. ಹಾಗಾದರೆ ಹೆಚ್ಚಾಗಿ ಹೋದ ಕಮಿಷನ್ನು 'ಹೆಚ್ಚಾಗಿ ಕೊಟ್ಟ ವೇತನ' ಆಗುತ್ತದಾ? ವ್ಯಾಖ್ಯೆಯನ್ನು ಇದ್ದ ಹಾಗೇ ಓದಿದರೆ, ವೇತನವೇ ಅಲ್ಲದ್ದನ್ನು ಆ ಹೆಸರಿನಲ್ಲಿ ಹಿಡಿಯುವಂತಿಲ್ಲ ಅಂತ ಕಾರ್ಮಿಕನ ಪರ ವಾದಿಸಲು ಇಲ್ಲಿ ಒಳ್ಳೆಯ ಜಾಗ ಇದೆ ಅಂತ ನನಗನಿಸುತ್ತದೆ.

ಲೆಕ್ಕ ತಪ್ಪಿ ಎರಡು ಸಲ ಹೋದ ಕಮಿಷನ್ನೇ ಬೇರೆ, ಗಿರಾಕಿ ಆರ್ಡರ್ ರದ್ದು ಮಾಡಿದ್ದಕ್ಕೆ ವಾಪಸ್ ಕೇಳುವುದೇ ಬೇರೆ. ಎರಡನೆಯದಕ್ಕೆ ನೇಮಕಾತಿ ಪತ್ರದಲ್ಲಿ ಷರತ್ತು ಇದೆಯಾ ಅಂತ ಮೊದಲು ಹುಡುಕಬೇಕು.

ಸಮಯದ ವಿಷಯವೂ ಇದೆ. ಮೊದಲು ಮಾಲೀಕರೇ ತೆಗೆದುಹಾಕಿದರೆ ಮಾತ್ರ ಎರಡನೇ ಕೆಲಸದ ದಿನದೊಳಗೆ ಬಾಕಿ ಕೊಡಬೇಕಿತ್ತು. ಈಗ ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನ. '45 ದಿನ ಆಗುತ್ತೆ' ಅನ್ನುವುದು ಕಂಪನಿಗಳ ರೂಢಿ ಅಷ್ಟೇ.

ಕ್ಲೇಮ್ ಹಾಕಲು 3 ವರ್ಷ ಸಮಯ ಇದೆ. ಕ್ಲೇಮ್ ವಿಚಾರಿಸುವ ಪ್ರಾಧಿಕಾರ ಬಾಕಿಯ ಜೊತೆಗೆ 10 ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಬಾಕಿ ಕೊಟ್ಟಾಗಿದೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದು. ಇದು ಗೊತ್ತಿದ್ದಿದ್ದರೆ ತಂಗಿ ಅವತ್ತು ಫೋನ್ ಇಡುವ ಬದಲು, ತಿಂಗಳುವಾರು ಲೆಕ್ಕ ಕೊಡಿ ಅಂತ ಒಂದು ಇಮೇಲ್ ಹಾಕುತ್ತಿದ್ದಳು.