ಸೋತವರ ದೊಡ್ಡತನ ಮತ್ತು ಗುಂಪಿನ ಲೆಕ್ಕಾಚಾರ

2008ರ ನವೆಂಬರ್ 4ರ ರಾತ್ರಿ, ಅರಿಜೋನಾ ರಾಜ್ಯದ ಫೀನಿಕ್ಸ್ ಊರು, ಬಿಲ್ಟ್‌ಮೋರ್ ಹೋಟೆಲಿನ ಹುಲ್ಲುಹಾಸು. ಜಾನ್ ಮೆಕೇನ್ ಅಮೆರಿಕದ ಅಧ್ಯಕ್ಷ ಚುನಾವಣೆ ಸೋತಿದಾರೆ, ಎದುರಿಗೆ ನಿಂತಿರೋರೆಲ್ಲ ತಿಂಗಳುಗಟ್ಟಲೆ ಅವರಿಗೋಸ್ಕರ ಓಡಾಡಿದ ಜನ. ಸ್ವಲ್ಪ ಹೊತ್ತಿಗೆ ಮುಂಚೆ ಸೆನೆಟರ್ ಒಬಾಮಾಗೆ ಫೋನ್ ಮಾಡಿ ಅಭಿನಂದನೆ ಹೇಳಿದೆ ಅಂದ್ರು ಮೆಕೇನ್, ಗುಂಪಿನಿಂದ ಬೂ ಅಂತ ಕೂಗು ಎದ್ದಿತು. ಅವರು ಕೈ ಚಾಚಿ "ಪ್ಲೀಸ್" ಅಂದ್ರು. ಕೂಗು ಇಳೀತು. ಆಮೇಲೆ ಅವರು ಕಪ್ಪು ಜನಾಂಗದ ನಾಯಕ ಬುಕರ್ ಟಿ ವಾಷಿಂಗ್ಟನ್‌ರನ್ನ 1901ರಲ್ಲಿ ವೈಟ್ ಹೌಸಿಗೆ ಊಟಕ್ಕೆ ಕರೆದಿದ್ದಕ್ಕೇ ಎಷ್ಟು ಗಲಾಟೆ ಆಗಿತ್ತು ಅನ್ನೋದನ್ನ ನೆನೆಸಿದ್ರು, ಒಬಾಮಾ ಅಜ್ಜಿ ಆಗಷ್ಟೇ ತೀರಿಕೊಂಡಿದ್ದಕ್ಕೆ ದುಃಖ ಹೇಳಿದ್ರು, ಸೋಲು ನನ್ನದು ನಿಮ್ಮದಲ್ಲ ಅಂದ್ರು. ಭಾಷಣ ಸಾಗ್ತಾ ಸಾಗ್ತಾ ಬೂ ಅಂದಿದ್ದ ಗುಂಪೇ ಚಪ್ಪಾಳೆನೂ ತಟ್ತು.

ಇದನ್ನ ಎಲ್ಲರೂ ಸಂಸ್ಕಾರದ ಕಥೆ ಥರ ಹೇಳ್ತಾರೆ, ಮನುಷ್ಯ ಒಳ್ಳೆಯವರು ಅಂತ. ಹೌದು ಒಳ್ಳೆಯವರೇ. ಆದ್ರೆ ನನಗೆ ಅದಕ್ಕಿಂತ ಖುಷಿ ಕೊಡೋ ವಿಷಯ ಬೇರೆ ಇದೆ: ಆ ಒಂದು "ಪ್ಲೀಸ್" ಹೇಗೆ ಕೆಲಸ ಮಾಡ್ತು? ಅಷ್ಟು ಜನರ ಮನಸ್ಸು ಎರಡು ಸೆಕೆಂಡಲ್ಲಿ ಬದಲಾಗೋಕೆ ಸಾಧ್ಯವೇ ಇಲ್ಲ, ಅವರ ಸಿಟ್ಟು ಹಾಗೇ ಇತ್ತು, ಆದ್ರೂ ಕೂಗು ನಿಂತುಹೋಯ್ತು. ಇದಕ್ಕೆ ಒಂದು ಲೆಕ್ಕ ಇದೆ, ತುಂಬಾ ಚಂದದ ಲೆಕ್ಕ.

ಅದಕ್ಕೆ ಮುಂಚೆ ಒಂದು ಹಳೇ ತಪ್ಪು ಕಲ್ಪನೆ ಬದಿಗಿಡಬೇಕು. ಜನ ಮರುಳೋ ಜಾತ್ರೆ ಮರುಳೋ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ, ಗುಂಪಲ್ಲಿ ಸೇರಿದ ಕೂಡ್ಲೇ ಮನುಷ್ಯನಿಗೆ ಬುದ್ಧಿ ಹೋಗುತ್ತೆ ಅಂತ. ಇದಕ್ಕೆ ವಿಜ್ಞಾನದ ವೇಷ ತೊಡಿಸಿದವರು ಫ್ರಾನ್ಸಿನ ಗುಸ್ತಾವ್ ಲೆ ಬಾನ್. 1871ರ ಪ್ಯಾರಿಸ್ ಕಮ್ಯೂನ್ ದಂಗೆಯನ್ನ ಕಣ್ಣಾರೆ ಕಂಡು ಹೆದರಿದ್ದ ಮನುಷ್ಯ, 1895ರಲ್ಲಿ ಗುಂಪಿನ ಮನಶ್ಶಾಸ್ತ್ರದ ಬಗ್ಗೆ ಪುಸ್ತಕ ಬರೆದ್ರು, ಗುಂಪಲ್ಲಿರೋನು ಸಮ್ಮೋಹನಕ್ಕೆ ಒಳಗಾದವನ ಥರ, ಭಾವನೆ ಅಂಟುರೋಗದ ಥರ ಹರಡುತ್ತೆ ಅಂತ. ಪುಸ್ತಕ ಭಯಂಕರ ಜನಪ್ರಿಯ ಆಯ್ತು, ಮುಸೊಲಿನಿ ಕೂಡ ಅದನ್ನ ಓದಿ ಮೆಚ್ಚಿಕೊಂಡಿದ್ದ. ನೂರು ವರ್ಷ ದಾಟಿದ್ರೂ ಟಿವಿ ಚರ್ಚೆಗಳಲ್ಲಿ ಇವತ್ತಿಗೂ ಅದೇ ರಾಗ. ನನಗೆ ಇದು ಸಿಟ್ಟು ತರಿಸುತ್ತೆ, ಯಾಕಂದ್ರೆ ಸಾವಿರ ಜನಕ್ಕೂ ಒಟ್ಟಿಗೆ ಹುಚ್ಚು ಹಿಡಿದಿದ್ರೆ ಒಂದು "ಪ್ಲೀಸ್"ಗೆ ಅದು ಇಳಿಯೋದು ಹೇಗೆ? ಲೆ ಬಾನ್ ಥಿಯರಿಯಲ್ಲಿ ಇದಕ್ಕೆ ಇರೋ ಒಂದೇ ಉತ್ತರ ನಾಯಕನ ಸಮ್ಮೋಹನ ಶಕ್ತಿ, ಅದು ಪವಾಡದ ಕಥೆ ಆಯ್ತೇ ಹೊರತು ವಿವರಣೆ ಆಗ್ಲಿಲ್ಲ.

ಸ್ಟೀವನ್ ಕ್ಲೇಮನ್ ಅನ್ನೋ ಸಮಾಜಶಾಸ್ತ್ರಜ್ಞರು 1993ರಲ್ಲಿ ಬೂ ಕೂಗಿನ ಮೇಲೇ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಭಾಷಣ, ಚರ್ಚೆಗಳ ರೆಕಾರ್ಡಿಂಗ್ ಇಟ್ಕೊಂಡು ಚಪ್ಪಾಳೆ ಯಾವಾಗ ಶುರುವಾಗುತ್ತೆ, ಬೂ ಯಾವಾಗ ಶುರುವಾಗುತ್ತೆ ಅಂತ ನೋಡಿದಾಗ ಸಿಕ್ಕಿದ್ದು ಇದು: ಚಪ್ಪಾಳೆ ಮಾತು ಮುಗೀತಿದ್ದ ಹಾಗೇ ಬರುತ್ತೆ, ಬೂ ಸಾಮಾನ್ಯವಾಗಿ ತಡವಾಗಿ ಬರುತ್ತೆ. ಚಪ್ಪಾಳೆ ಒಗ್ಗರಣೆ ಸಾಸಿವೆ ಇದ್ದಂಗೆ, ಎಣ್ಣೆ ಕಾದಾಗ ಪ್ರತಿ ಕಾಳೂ ತನ್ನಷ್ಟಕ್ಕೆ ತಾನೇ ಸಿಡಿಯುತ್ತೆ, ಪಕ್ಕದ ಕಾಳನ್ನ ಕೇಳಲ್ಲ. ಬೂ ಹಾಗಲ್ಲ. ಯಾರೋ ಗುಸುಗುಸು ಅಂತಾರೆ, ಇನ್ಯಾರೋ ಛೆ ಅಂತಾರೆ, ಜನ ಅಕ್ಕಪಕ್ಕದ ಸದ್ದು ಕೇಳಿಸ್ಕೋತಾರೆ, ನಾನೊಬ್ಬನೇ ಕೂಗಿ ಸಿಕ್ಕಿಹಾಕ್ಕೊಳಲ್ಲ ಅಂತ ಖಾತ್ರಿ ಆದ ಮೇಲೆ ಬಾಯಿ ಬಿಡ್ತಾರೆ. ಹುಚ್ಚು ಹಿಡಿದವರು ಇಷ್ಟೆಲ್ಲ ಲೆಕ್ಕ ಹಾಕಲ್ಲ.

ಹಾಗಂತ ಚಪ್ಪಾಳೆಯಲ್ಲಿ ಬೇರೆಯವರ ಪ್ರಭಾವ ಇಲ್ವೇ ಇಲ್ಲ ಅಂತಲ್ಲ, ಮೊದಲ ಕ್ಷಣ ದಾಟಿದ ಮೇಲೆ ಅಲ್ಲೂ ಅದೇ ಆಟ. ಸ್ವೀಡನ್ನಿನ ಉಪ್ಸಾಲಾ ಯೂನಿವರ್ಸಿಟಿಯ ರಿಚರ್ಡ್ ಮ್ಯಾನ್ ಮತ್ತವರ ಜೊತೆಯವರು 2013ರಲ್ಲಿ ತೋರಿಸಿದ್ದು ಇದನ್ನೇ: ಪಕ್ಕದಲ್ಲಿ ಕೂತವರು ತಟ್ಟಿದ್ರಾ ಅನ್ನೋದಕ್ಕಿಂತ ಒಟ್ಟು ಹಾಲಿನಲ್ಲಿ ಎಷ್ಟು ಜನ ತಟ್ತಾ ಇದಾರೆ ಅನ್ನೋದೇ ಮುಖ್ಯ, ನಿಲ್ಲಿಸೋದೂ ಹಾಗೇ ಹರಡುತ್ತೆ. ಅಂದ್ರೆ ಜನ ಕಿವಿಯಲ್ಲೇ ಎಣಿಕೆ ಮಾಡ್ತಾ ಇರ್ತಾರೆ.

ಈಗ ನನ್ನ ಪ್ರೀತಿಯ ಲೆಕ್ಕಕ್ಕೆ ಬರ್ತೀನಿ. ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞರು 1978ರಲ್ಲಿ ಕೊಟ್ಟಿದ್ದು. ಅವರು ಗಲಭೆ ಉದಾಹರಣೆ ತಗೊಂಡಿದ್ರು, ನಾನು ಅದನ್ನ ಬೂ ಕೂಗಿಗೆ ಹಾಕ್ತೀನಿ. ನೂರು ಜನ ನಿಂತಿದಾರೆ ಅಂದ್ಕೊಳಿ. ಪ್ರತಿಯೊಬ್ಬರಿಗೂ ಒಂದು ಥ್ರೆಶೋಲ್ಡ್ ಸಂಖ್ಯೆ ಇದೆ, ಅಂದ್ರೆ ಎಷ್ಟು ಜನ ಕೂಗಿದ ಮೇಲೆ ನಾನೂ ಕೂಗ್ತೀನಿ ಅನ್ನೋ ಸಂಖ್ಯೆ. ಒಬ್ಬನದು ಸೊನ್ನೆ, ಅವನು ಯಾರಿಗೂ ಕಾಯಲ್ಲ. ಇನ್ನೊಬ್ಬನದು 1, ಮತ್ತೊಬ್ಬಳದು 2, ಹೀಗೆ 99ರ ತನಕ. ಸೊನ್ನೆಯವನು ಬೂ ಅಂದ. ಈಗ ಒಬ್ಬ ಕೂಗಿದ ಹಾಗಾಯ್ತು, 1ರವನು ಸೇರ್ಕೊಂಡ. ಇಬ್ಬರಾದ್ರು, 2ರವಳು ಸೇರ್ಕೊಂಡಳು. ಮೂರಾಯ್ತು, ನಾಲ್ಕಾಯ್ತು, ಕೊನೆಗೆ 99ರ ಸಾಧು ಮನುಷ್ಯ ಕೂಡ ಕೂಗ್ತಾನೆ, ಯಾಕಂದ್ರೆ ಅವನ ಲೆಕ್ಕದ 99 ಜನ ಆಗಲೇ ಕೂಗ್ತಾ ಇದಾರೆ. ನೂರಕ್ಕೆ ನೂರು.

ಈಗ ಬರೀ ಒಬ್ಬನ ಸಂಖ್ಯೆ ಬದಲಾಯಿಸಿ. 1 ಇದ್ದವನದ್ದು 2 ಮಾಡಿ, ಉಳಿದ 99 ಜನ ಹಾಗೇ ಇರ್ಲಿ. ಸೊನ್ನೆಯವನು ಕೂಗಿದ. ಈಗ 1 ಥ್ರೆಶೋಲ್ಡಿನವರು ಯಾರೂ ಇಲ್ಲ, 2ರವರು ಇಬ್ಬರಿದಾರೆ ಆದ್ರೆ ಅವರಿಗೆ ಇಬ್ಬರು ಕೂಗೋದು ಬೇಕು, ಕೂಗ್ತಿರೋನು ಒಬ್ಬನೇ. ಅಲ್ಲಿಗೆ ಮುಗೀತು. ನೂರರಲ್ಲಿ ಒಬ್ಬ. ಸರಾಸರಿ ಥ್ರೆಶೋಲ್ಡ್ ಮೊದಲು 49.5 ಇತ್ತು, ಈಗ 49.51, ಅಂದ್ರೆ ಯಾವ ಸರ್ವೇ ಮಾಡಿದ್ರೂ ಈ ಎರಡು ಗುಂಪೂ ಒಂದೇ ಅಂತ ಬರುತ್ತೆ, ಅವರ ಸಿಟ್ಟು ಒಂದೇ, ವಿಚಾರ ಒಂದೇ, ಆದ್ರೆ ಒಂದು ಗುಂಪು ಪೂರ್ತಿ ಕೂಗ್ತು, ಇನ್ನೊಂದು ಸುಮ್ಮನಿತ್ತು. ಗ್ರಾನೊವೆಟರ್ ಹೇಳ್ತಾರೆ, ಮರುದಿನದ ಪತ್ರಿಕೆ ಮೊದಲನೇದನ್ನ ಪುಂಡರ ಗುಂಪು ಅಂತ ಬರೆಯುತ್ತೆ, ಎರಡನೇದನ್ನ ಸಭ್ಯರ ನಡುವೆ ಒಬ್ಬ ತಲೆಕೆಟ್ಟವ ಅಂತ ಬರೆಯುತ್ತೆ. ಫಲಿತಾಂಶ ನೋಡಿ ಮನಸ್ಸು ಅಳೆಯೋದು ಎಷ್ಟು ದೊಡ್ಡ ತಪ್ಪು ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿದ್ದನ್ನ ನಾನು ಬೇರೆಲ್ಲೂ ನೋಡಿಲ್ಲ!

ಈ ಲೆಕ್ಕ ಹಿಡ್ಕೊಂಡು ನೋಡಿದ್ರೆ ಮೆಕೇನ್ "ಪ್ಲೀಸ್" ಎಲ್ಲರನ್ನೂ ಒಪ್ಪಿಸೋ ಅಗತ್ಯವೇ ಇರ್ಲಿಲ್ಲ. ಕೆಳಗಿನ ಸಂಖ್ಯೆಯ ಕೆಲವೇ ಜನ, ಎರಡು ಮೂರು ಐದರವರು, ಸ್ವಲ್ಪ ತಡೆದ್ರೆ ಸಾಕು, ಸರಪಳಿ ತುಂಡಾಗುತ್ತೆ. ಹಾಗೇ ಅವರಲ್ಲೇ ಒಬ್ಬಿಬ್ಬರು ಚಪ್ಪಾಳೆ ಶುರು ಮಾಡಿದ್ರೆ ಇನ್ನೊಂದು ಸರಪಳಿ ಉಲ್ಟಾ ದಿಕ್ಕಲ್ಲಿ ಓಡುತ್ತೆ.

ಆದ್ರೆ ಯಾರು ಹೇಳಿದ್ರೂ ಇದು ಆಗಲ್ಲ. ಅದೇ ರಾತ್ರಿ ಆ ಹುಲ್ಲುಹಾಸಿನ ಮೇಲೆ ಒಬಾಮಾ ಪಕ್ಷದವರು ಯಾರಾದ್ರೂ ಬಂದು ಸುಮ್ಮನಿರಿ ಅಂದಿದ್ರೆ ಕೂಗು ಇಮ್ಮಡಿ ಆಗ್ತಿತ್ತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಸ್ಟೀಫನ್ ರೈಕರ್ ಇದನ್ನ ಬಿಡಿಸಿ ಹೇಳಿದ್ರು. 1980ರ ಏಪ್ರಿಲಲ್ಲಿ ಬ್ರಿಸ್ಟಲ್ ಊರಿನ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಪೊಲೀಸರು ಒಂದು ಕೆಫೆ ಮೇಲೆ ರೇಡ್ ಮಾಡಿದಾಗ ದೊಡ್ಡ ಗಲಭೆ ಆಯ್ತು. ಗುಂಪು ಪೊಲೀಸರ ಮೇಲೆ ಬಿತ್ತು, ಆದ್ರೆ ಅವರು ಬಡಾವಣೆ ಬಿಟ್ಟು ಹೊರಟ ಮೇಲೆ ಗಡಿ ದಾಟಿ ಬೆನ್ನಟ್ಟಿ ಹೋಗ್ಲಿಲ್ಲ, ಗಲಭೆ ಒಳಗಡೆಯೇ ಉಳೀತು. ಬುದ್ಧಿ ಕಳ್ಕೊಂಡ ಗುಂಪಿಗೆ ಗಡಿ ಎಲ್ಲಿಂದ ಗೊತ್ತಾಗುತ್ತೆ? ರೈಕರ್ ವಾದ ಏನಂದ್ರೆ ಗುಂಪಲ್ಲಿ ಮನುಷ್ಯ ತನ್ನನ್ನ ಕಳ್ಕೊಳಲ್ಲ, "ನಾನು" ಅನ್ನೋದ್ರಿಂದ "ನಾವು" ಅನ್ನೋದಕ್ಕೆ ದಾಟ್ತಾನೆ, ಆಮೇಲೆ ನಮ್ಮಂಥವರು ಇಂಥ ಹೊತ್ತಲ್ಲಿ ಏನು ಮಾಡ್ತಾರೆ ಅಂತ ಹುಡುಕ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡೋ ಹಕ್ಕು ಇರೋದು "ನಾವು" ಒಳಗಿನವರಿಗೆ ಮಾತ್ರ. ಅದಕ್ಕೇ ಸೋತವರ ಕಡೆ ಗುಂಪನ್ನ ಸಮಾಧಾನ ಮಾಡೋಕೆ ಸೋತವರೇ ಬರಬೇಕು.

ಅವರೇ ಬಂದ್ರೂ ಕೆಲವೊಮ್ಮೆ ಸೋಲ್ತಾರೆ ಅನ್ನೋದನ್ನೂ ಹೇಳಬೇಕು. ಅದೇ ಮೆಕೇನ್, ಅದೇ ವರ್ಷ ಅಕ್ಟೋಬರ್ 10ರಂದು ಮಿನ್ನೆಸೋಟಾದ ಲೇಕ್‌ವಿಲ್ ಸಭೆಯಲ್ಲಿ, ಒಬಾಮಾ ಬಗ್ಗೆ ಹೆದರಬೇಕಾಗಿಲ್ಲ ಅಂದಾಗ ಅವರ ಬೆಂಬಲಿಗರೇ ಅವರಿಗೆ ಬೂ ಅಂದ್ರು. ಇನ್ನೊಂದು ಕಡೆ 2016ರ ನವೆಂಬರ್ 4, ಚುನಾವಣೆಗೆ ನಾಲ್ಕು ದಿನ ಮುಂಚೆ, ನಾರ್ತ್ ಕೆರೊಲಿನಾದ ಫಯೆಟ್‌ವಿಲ್ ಸಭೆಯಲ್ಲಿ ಒಬ್ಬ ವಯಸ್ಸಾದವರು ಟ್ರಂಪ್ ಬೋರ್ಡ್ ಹಿಡಿದು ಎದ್ದು ನಿಂತಾಗ ಜನ ಅವರ ಮೇಲೆ ಕೂಗಾಡಿದ್ರು, ಒಬಾಮಾ ಎಷ್ಟು ಸಲ ತಡೀರಿ ಅಂದ್ರೂ ಬೇಗ ನಿಲ್ಲಲಿಲ್ಲ. ಕೊನೆಗೆ ಅವರು ಕಾರಣಗಳನ್ನ ಒಂದೊಂದಾಗಿ ಹೇಳಿದ್ರು: ಇದು ಮಾತಾಡೋ ಸ್ವಾತಂತ್ರ್ಯ ಗೌರವಿಸೋ ದೇಶ, ಅವರು ಸೈನ್ಯದಲ್ಲಿದ್ದವರ ಥರ ಕಾಣ್ತಾರೆ, ಹಿರಿಯರು, ಕೊನೇದಾಗಿ ಬೂ ಅನ್ನಬೇಡಿ ವೋಟ್ ಹಾಕಿ. ನನಗನ್ಸೋದು, ಒಂದೇ ಕಾರಣ ಸಾಲ್ತಿರ್ಲಿಲ್ಲ, ಒಂದೊಂದು ಕಾರಣ ಗುಂಪಿನ ಒಂದೊಂದು ಥರದ ಜನರ ಥ್ರೆಶೋಲ್ಡನ್ನ ಮೇಲಕ್ಕೆ ತಳ್ತು.

ಮೈಯೊಳಗೂ ಏನೋ ನಡೀತಿರುತ್ತೆ. 2008ರ ಅದೇ ಚುನಾವಣೆ ರಾತ್ರಿ ಸ್ಟೀವನ್ ಸ್ಟಾಂಟನ್ ಮತ್ತಿತರ ಸಂಶೋಧಕರು ವೋಟ್ ಹಾಕಿದವರ ಎಂಜಲಿನ ಸ್ಯಾಂಪಲ್ ತಗೊಂಡಿದ್ರು, ರಿಸಲ್ಟ್ ಬರೋಕೆ ಮುಂಚೆ ಮತ್ತೆ ಬಂದ ಮೇಲೆ. ಸೋತ ಕಡೆಗೆ ವೋಟ್ ಹಾಕಿದ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನ್ ಇಳಿದಿತ್ತು, ಒಬಾಮಾಗೆ ಹಾಕಿದ ಗಂಡಸರಲ್ಲಿ ಹೆಚ್ಚುಕಮ್ಮಿ ಹಾಗೇ ಇತ್ತು, ಹೆಂಗಸರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಅಖಾಡದಲ್ಲಿ ಇಳಿಯದೇ ಇದ್ದವರ ಮೈ ಕೂಡ ಸೋಲನ್ನ ತನ್ನದು ಅಂತ ಲೆಕ್ಕ ಹಾಕ್ತಿದೆ ಅಂದ್ರೆ ಸೋಲು ನನ್ನದು ನಿಮ್ಮದಲ್ಲ ಅನ್ನೋ ಮಾತು ಆ ಜನಕ್ಕೆ ಎಷ್ಟು ಬೇಕಾಗಿತ್ತು ನೋಡಿ.

ಸೋಲು ಒಪ್ಪಿಕೊಳ್ಳೋ ಈ ಪದ್ಧತಿ ಅಮೆರಿಕದ ಸಂವಿಧಾನದಲ್ಲಿ ಎಲ್ಲೂ ಇಲ್ಲ. 1896ರಲ್ಲಿ ಸೋತ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಗೆದ್ದ ಮೆಕಿನ್ಲಿಗೆ ಟೆಲಿಗ್ರಾಂ ಕಳಿಸಿದ್ರು, ಜನರ ಇಚ್ಛೆಯೇ ಕಾನೂನು ಅಂತ. ಅದು ಒಬ್ಬರಿಂದ ಒಬ್ಬರಿಗೆ ಹೋದ ಸಂದೇಶ. 1928ರಲ್ಲಿ ಆಲ್ ಸ್ಮಿತ್ ರೇಡಿಯೋದಲ್ಲಿ ಒಪ್ಪಿಕೊಂಡ್ರು, 1952ರಲ್ಲಿ ಅಡ್ಲಾಯ್ ಸ್ಟೀವನ್ಸನ್ ಟಿವಿಯಲ್ಲಿ. ಲೈವ್ ಆದ ಮೇಲೆ ವಿಷಯ ಪೂರ್ತಿ ಬೇರೆ ಆಗುತ್ತೆ, ಯಾಕಂದ್ರೆ ನನಗೆ ಗೊತ್ತಾಗುತ್ತೆ, ನಿಮಗೂ ಗೊತ್ತಾಯ್ತು ಅಂತ ನನಗೆ ಗೊತ್ತಾಗುತ್ತೆ, ನನಗೆ ಗೊತ್ತಾಯ್ತು ಅಂತ ನಿಮಗೂ ಗೊತ್ತಾಗುತ್ತೆ. ಬೇರೆಯವರು ಏನು ಮಾಡ್ತಾರೆ ಅಂತ ಕಾಯೋ ಜನಕ್ಕೆ ಈ ಹಂಚಿಕೊಂಡ ತಿಳಿವಳಿಕೆಯೇ ಎಲ್ಲ. 2000ದಲ್ಲಿ ಎಲ್ಲ ಫ್ಲೋರಿಡಾ ರಾಜ್ಯದ ಮೇಲೆ ನಿಂತಿದ್ದಾಗ ಅಲ್ ಗೋರ್ ಚುನಾವಣೆ ರಾತ್ರಿಯೇ ಬುಷ್‌ಗೆ ಫೋನ್ ಮಾಡಿ ಒಪ್ಪಿಕೊಂಡು, ಆಮೇಲೆ ಇನ್ನೊಂದು ಫೋನ್ ಮಾಡಿ ವಾಪಸ್ ತಗೊಂಡ್ರು, ಫೋನ್ ಆಗಿದ್ದಕ್ಕೇ ಅದು ಸಾಧ್ಯ ಆಯ್ತು. ಡಿಸೆಂಬರ್ 13ರಂದು ಟಿವಿಯಲ್ಲಿ ಹೇಳಿದ ಮೇಲೆ ವಾಪಸ್ ಅನ್ನೋ ಪ್ರಶ್ನೆಯೇ ಇರ್ಲಿಲ್ಲ. 2001ರ ಜನವರಿ 6ರಂದು ಉಪಾಧ್ಯಕ್ಷರಾಗಿ ಗೋರ್ ತಮ್ಮದೇ ಸೋಲಿನ ಎಣಿಕೆಗೆ ಅಧ್ಯಕ್ಷತೆ ವಹಿಸಿದ್ರು, ತಮ್ಮದೇ ಪಕ್ಷದ ಸದಸ್ಯರು ಎದ್ದು ಆಕ್ಷೇಪ ಹೇಳಿದಾಗ ಸೆನೆಟರ್ ಸಹಿ ಇಲ್ಲ ಅಂತ ಒಂದೊಂದನ್ನೇ ತಳ್ಳಿಹಾಕಿದ್ರು.

ಗೆದ್ದವರ ಗುಂಪಿಗೂ ಇದೇ ನಿಯಮ. ಮೆಕೇನ್ ಮಾತಾಡಿದ ರಾತ್ರಿಯೇ ಶಿಕಾಗೋದ ಗ್ರ್ಯಾಂಟ್ ಪಾರ್ಕಿನಲ್ಲಿ ಸುಮಾರು 2,40,000 ಜನ ಸೇರಿದ್ರು ಅಂತ ಅಂದಾಜು, ಒಬಾಮಾ ಅಲ್ಲಿ ಮೆಕೇನ್‌ರನ್ನ ಹೊಗಳಿದಾಗ ಜನ ಚಪ್ಪಾಳೆ ತಟ್ಟಿದ್ರು. 1968ರ ಆಗಸ್ಟಲ್ಲಿ ಪೊಲೀಸರೂ ಯುದ್ಧವಿರೋಧಿ ಯುವಕರೂ ಹೊಡೆದಾಡಿದ್ದು ಇದೇ ಪಾರ್ಕಲ್ಲಿ. ಗುಂಪು ದೊಡ್ಡದಾದಷ್ಟೂ ಅಪಾಯ ಅನ್ನೋರು ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು.

2021ರ ಜನವರಿ 6 ನೆನೆಸಿಕೊಂಡ್ರೆ ಇದೇ ಯಂತ್ರ ತಿರುವುಮುರುವಾಗಿ ಓಡಿದ್ದು ಕಾಣುತ್ತೆ. ಚುನಾವಣೆ ಸೋತ ಟ್ರಂಪ್ ಸೋಲು ಒಪ್ಪಿರಲಿಲ್ಲ, ಮಧ್ಯಾಹ್ನ ಅವರ ಭಾಷಣ ಆಯ್ತು, ಗುಂಪು ಅಮೆರಿಕದ ಸಂಸತ್ತು ಇರೋ ಕ್ಯಾಪಿಟಲ್ ಕಟ್ಟಡಕ್ಕೆ ನುಗ್ಗಿತು, ಮನೆಗೆ ಹೋಗಿ ಅನ್ನೋ ಅವರ ವಿಡಿಯೋ ಬಂದಿದ್ದು ಸಂಜೆ 4 ಗಂಟೆ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಸೊನ್ನೆಯವರು, ಒಂದರವರು, ಹತ್ತರವರು ಎಲ್ಲ ಒಳಗೆ ಹೋಗಿಯಾಗಿತ್ತು. ತಡವಾಗಿ ಬಂದ ಮಾತು ಐವತ್ತರ ಥ್ರೆಶೋಲ್ಡಿನವರ ಜೊತೆ ಸೆಣಸಬೇಕಾಗುತ್ತೆ, ಮೆಕೇನ್ ಸೆಣಸಿದ್ದು ಮೊದಲ ಕೆಲವರ ಜೊತೆ, ಅದೂ ಮೊದಲ ಕೆಲವು ಸೆಕೆಂಡಲ್ಲಿ.

ನನ್ನ ಈಗಿನ ಚಿಂತೆ ಫೋನಿನ ಬಗ್ಗೆ. ಗ್ರಾನೊವೆಟರ್ ಲೆಕ್ಕದಲ್ಲಿ ಪ್ರತಿಯೊಬ್ಬರಿಗೂ ಎಷ್ಟು ಜನ ಕೂಗ್ತಿದಾರೆ ಅನ್ನೋದು ಸರಿಯಾಗಿ ಗೊತ್ತಿರುತ್ತೆ, ಮೈದಾನದಲ್ಲಿ ನಿಂತವರಿಗೆ ಅದರ ಜೊತೆ ಎಷ್ಟು ಜನ ಸುಮ್ಮನಿದಾರೆ ಅನ್ನೋದೂ ಕಾಣುತ್ತೆ, ಸಾವಿರ ಜನರಲ್ಲಿ ಮೂರು ಬೂ ಕೇಳಿದ್ರೆ ಉಳಿದವರು ಕೂಗಿಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತೆ. ಸ್ಕ್ರೀನಿನ ಮೇಲೆ ಸುಮ್ಮನಿದ್ದವರು ಕಾಣೋದೇ ಇಲ್ಲ, ಆ ಮೂರು ಬೂ ಮಾತ್ರ ಕಾಣುತ್ತೆ, ಒಬ್ಬನೇ ಹತ್ತು ಹೆಸರಲ್ಲಿ ಕೂಗಿದ್ರೂ ಹತ್ತು ಅಂತಲೇ ಲೆಕ್ಕ, ಭಾಗಾಕಾರದ ಕೆಳಗಿನ ಸಂಖ್ಯೆಯೇ, ಅಂದ್ರೆ ಒಟ್ಟು ಎಷ್ಟು ಜನ ಅನ್ನೋದೇ, ಮಾಯ ಆಗಿಬಿಟ್ಟಿದೆ, ಇನ್ನು ಸೋತವರು ವೇದಿಕೆ ಮೇಲೆ ನಿಂತು ಕೈ ಚಾಚಿದಾಗ ಆ ಗುಂಪಲ್ಲಿ ಎರಡು ಮೂರರ ಥ್ರೆಶೋಲ್ಡಿನವರು ಯಾರು, ಅವರು ಆ ಹೊತ್ತಲ್ಲಿ ಆ ಭಾಷಣ ನೋಡ್ತಾನಾದ್ರೂ ಇದಾರಾ, ಅದನ್ನ ಅಳೆಯೋ ಕೆಲಸ ಈ ವಿಜ್ಞಾನದ ಮುಂದೆ ಇದೆ.