ಬಿಲ ಬಿಟ್ಟು ಹೋಗದ ಏಡಿ

ಮೂಗಿನ ಪಕ್ಕದಲ್ಲಿ ಒಂದು ಸಣ್ಣ ಗುಳ್ಳೆ. ಮುತ್ತಿನ ಹಾಗೆ ಹೊಳೆಯುತ್ತದೆ. ಮೇಲೆ ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ಚೂರು ರಕ್ತ ಬರುತ್ತದೆ. ವಾಸಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಅದೇ ಕಥೆ. ನೋವಂತೂ ಇಲ್ಲ. ತಿಂಗಳುಗಟ್ಟಲೆ ಹೀಗೇ ಆದ ಮೇಲೆ ಡಾಕ್ಟರು ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ರಿಪೋರ್ಟಿನಲ್ಲಿ ಬರುವುದು ಇಷ್ಟು: ಬೇಸಲ್ ಸೆಲ್ ಕಾರ್ಸಿನೋಮಾ. ಇದು ಚರ್ಮದ ಕ್ಯಾನ್ಸರಿನ ಒಂದು ಬಗೆ, ಕಾರ್ಸಿನೋಮಾ ಅಂದರೆ ಕ್ಯಾನ್ಸರ್. ಓದಿದವರ ಕಣ್ಣು ಆ ಕೊನೆಯ ಪದದ ಮೇಲೆ ನಿಂತುಬಿಡುತ್ತದೆ. ಮೊದಲಿನ ಎರಡು ಪದ ಕಾಣುವುದೇ ಇಲ್ಲ.

ಆಮೇಲೆ ಸುತ್ತಲಿನವರ ಮಾತು ಶುರುವಾಗುತ್ತದೆ. ಒಬ್ಬರು "ಏನೂ ಆಗಲ್ಲ, ಸುಮ್ನೆ ಯೋಚನೆ ಮಾಡಬೇಡಿ" ಅನ್ನುತ್ತಾರೆ. ಇನ್ನೊಬ್ಬರು "ಚಾಕು ತಾಗಿಸಬೇಡಿ, ತಾಗಿದರೆ ಮೈಯೆಲ್ಲಾ ಹರಡುತ್ತೆ" ಅನ್ನುತ್ತಾರೆ. ಎರಡನೆಯ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸುಲಭವಾಗಿ ಗುಣವಾಗುವ ಕಾಯಿಲೆಯನ್ನು ಜನ ವರ್ಷಗಟ್ಟಲೆ ಬೆಳೆಸಿಕೊಳ್ಳುವುದಕ್ಕೆ ಈ ಒಂದು ಮಾತು ಸಾಕು. ಮೊದಲನೆಯ ಮಾತಿನಿಂದಲೂ ಸಮಾಧಾನ ಸಿಗುವುದಿಲ್ಲ. ಯಾಕೆ ಏನೂ ಆಗಲ್ಲ ಅಂತ ಅದು ಹೇಳುವುದಿಲ್ಲವಲ್ಲ. ಮನುಷ್ಯರಿಗೆ ಬರುವ ಕ್ಯಾನ್ಸರುಗಳಲ್ಲೇ ಅತಿ ಸಾಮಾನ್ಯವಾದದ್ದು ಇದು. ಇದರ ನಡೆ ಗೊತ್ತಾದರೆ ಅರ್ಧ ಭಯ ತಾನಾಗಿ ಇಳಿಯುತ್ತದೆ ಅಂತ ನಾನು ಬಲವಾಗಿ ನಂಬಿದ್ದೇನೆ.

ಕ್ಯಾನ್ಸರ್ ಅಂದರೆ ಏಡಿ. ಹಳೆಯ ಗ್ರೀಕ್ ವೈದ್ಯರು ಗಡ್ಡೆಗೆ ಈ ಹೆಸರಿಟ್ಟರು. ನಮ್ಮಲ್ಲೂ ಏಡಿಗಂತಿ ಅನ್ನುವ ಪದ ಇದೆ. ಕೇಳಿದರೇ ಸಾಕು, ಕಾಲು ಚಾಚಿ ಎಲ್ಲೆಂದರಲ್ಲಿ ಓಡುವ ಪ್ರಾಣಿ ಕಣ್ಣಿಗೆ ಕಟ್ಟುತ್ತದೆ. ಆದರೆ ಈ ಏಡಿ ಬಿಲ ಬಿಟ್ಟು ಹೋಗುವುದಿಲ್ಲ. 1827ರಲ್ಲಿ ಡಬ್ಲಿನ್ನಿನ ಕಣ್ಣಿನ ವೈದ್ಯ ಆರ್ಥರ್ ಜೇಕಬ್ ಇದನ್ನು ಬರೆದಿಟ್ಟರು. ರೆಪ್ಪೆಯ ಮೇಲೆ ಬರುವ ಒಂದು ವಿಚಿತ್ರ ಹುಣ್ಣನ್ನು ಅವರು ಗಮನಿಸಿದ್ದರು. ಅದು ತುಂಬ ನಿಧಾನವಾಗಿ ಬೆಳೆಯುತ್ತದೆ. ನೋವು ಕಡಿಮೆ. ಪಕ್ಕದ ದುಗ್ಧಗ್ರಂಥಿಗಳಿಗೆ, ಅಂದರೆ ಲಿಂಫ್ ಗಂಟುಗಳಿಗೆ, ದಾಟುವುದಿಲ್ಲ. ಕೊಯ್ದು ತೆಗೆಯದೆ ವಾಸಿಯೂ ಆಗುವುದಿಲ್ಲ. ಆಗ ಅವರ ಬಳಿ ಎಕ್ಸ್‌ರೇ ಇರಲಿಲ್ಲ, ಅರಿವಳಿಕೆ ಇರಲಿಲ್ಲ. ಬರೀ ಕಣ್ಣಿನಿಂದ ನೋಡಿ ಹೇಳಿದ ಆ ಮಾತುಗಳಲ್ಲಿ ಹೆಚ್ಚಿನವು ಇವತ್ತಿಗೂ ಸುಳ್ಳಾಗಿಲ್ಲ!

ಯಾಕೆ ಹೀಗೆ? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಚರ್ಮದ ಮೇಲ್ಪದರದ ಬುಡದಲ್ಲಿ ಒಂದು ಸಾಲು ಜೀವಕೋಶಗಳಿವೆ. ಬೇಸಲ್ ಅಂದರೆ ಬುಡದ್ದು ಅಂತಲೇ ಅರ್ಥ. ಈ ಕ್ಯಾನ್ಸರಿನ ಕೋಶಗಳು ಅಲ್ಲಿನವನ್ನೇ ಹೋಲುತ್ತವೆ. ಅವು ಒಂಟಿಯಾಗಿ ಬದುಕಲಾರವು. ಕೆಳಗಿನ ನಾರುನಾರಾದ ಪದರವನ್ನು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡು ಒಂದು ಹಾಸಿಗೆ ಮಾಡಿಕೊಳ್ಳುತ್ತವೆ. ಆ ಹಾಸಿಗೆಯಿಂದ ಬರುವ ರಾಸಾಯನಿಕ ಸಂದೇಶಗಳೇ ಅವಕ್ಕೆ ಆಧಾರ. 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಗಡ್ಡೆಯ ಚೂರುಗಳನ್ನು ಅದೇ ರೋಗಿಯ ಚರ್ಮದ ಬೇರೆ ಜಾಗದಲ್ಲಿ ನೆಟ್ಟು ನೋಡಿದರು. ಹಾಸಿಗೆ ಸಮೇತ ನೆಟ್ಟವು ಉಳಿದವು. ಹಾಸಿಗೆ ತೆಗೆದು ನೆಟ್ಟವು ಕ್ಯಾನ್ಸರಾಗಿ ಉಳಿಯಲಿಲ್ಲ.

ಮರದ ಕೊಂಬೆಗೆ ಬಂದಳಿಕೆ ಹಿಡಿಯುವುದನ್ನು ನೋಡಿದ್ದೀರಿ ಅಲ್ವಾ? ಕೊಂಬೆಯ ಮೇಲೆ ಅದು ಸೊಂಪಾಗಿರುತ್ತದೆ. ಕೊಂಬೆ ಒಣಗಿಸುವಷ್ಟು ಬಲ ಅದಕ್ಕಿದೆ. ಅದನ್ನೇ ಕಿತ್ತು ನೆಲದಲ್ಲಿ ನೆಟ್ಟರೆ ಬಾಡಿಹೋಗುತ್ತದೆ. ದೀಪದ ಜ್ವಾಲೆಯೂ ಹಾಗೆಯೇ. ಬತ್ತಿ ಮತ್ತು ಎಣ್ಣೆ ಇರುವ ತನಕ ಉರಿಯುತ್ತದೆ, ಬರೀ ಜ್ವಾಲೆಯನ್ನು ಬೇರೆ ಕಡೆ ಹೊತ್ತೊಯ್ಯಲು ಆಗುವುದಿಲ್ಲ. ಸೂಜಿಯೋ ಚಾಕುವೋ ತಾಗಿ ನಾಲ್ಕು ಕೋಶ ರಕ್ತಕ್ಕೆ ಬಿದ್ದವು ಅಂತಲೇ ಇಟ್ಟುಕೊಳ್ಳಿ. ಅವು ಬತ್ತಿ ಇಲ್ಲದ ಜ್ವಾಲೆ, ಕೊಂಬೆ ಇಲ್ಲದ ಬಂದಳಿಕೆ. ದೂರದ ಅಂಗಗಳಿಗೆ ಹರಡಿದ ಪ್ರಸಂಗಗಳು ಇಲ್ಲವೇ ಇಲ್ಲ ಅಂತಲ್ಲ. ಯಾವ ಲೆಕ್ಕ ತೆಗೆದರೂ ಅವು ನೂರಕ್ಕೆ ಒಂದಕ್ಕಿಂತ ಕಡಿಮೆ. ಹೆಚ್ಚಿನವು ವರ್ಷಗಟ್ಟಲೆ ಬಿಟ್ಟು ತುಂಬ ದೊಡ್ಡದಾದ ಗಡ್ಡೆಗಳು.

ಈ ಮಾತು ಬೇಸಲ್ ಸೆಲ್ಲಿಗೆ ಮಾತ್ರ. ಚರ್ಮಕ್ಕೆ ಬರುವ ಇತರ ಕ್ಯಾನ್ಸರುಗಳಾದ ಮೆಲನೋಮಾ ಬೇರೆ, ಸ್ಕ್ವಾಮಸ್ ಸೆಲ್ ಬೇರೆ. ಅವುಗಳ ನಡೆಯೇ ಬೇರೆ. ಕಪ್ಪು ಚರ್ಮದವರಿಗೆ ಇದು ಬರುವುದೇ ಇಲ್ಲ ಅನ್ನುವುದೂ ತಪ್ಪು. ಕಡಿಮೆ ಬರುತ್ತದೆ. ಬಂದಾಗ ಅನೇಕ ಸಲ ಕಪ್ಪಾಗಿಯೇ ಇರುವುದರಿಂದ ಮಚ್ಚೆ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಬಿಲ ಬಿಡದ ಏಡಿ ಬಿಲವನ್ನಂತೂ ಅಗಲ ಮಾಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಇಲಿ ಕಡಿದ ಹುಣ್ಣು ಅನ್ನುವ ಅರ್ಥದ ಹಳೆಯ ಹೆಸರಿದೆ. ರೆಪ್ಪೆ, ಮೂಗು, ಕಿವಿ, ಕೊನೆಗೆ ಮೂಳೆಯನ್ನೂ ತಿನ್ನಬಲ್ಲದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆ ಬಿಟ್ಟಾಗ.

ಮುಲಾಮು ಹಚ್ಚಿ ಸುಡುವ ನಾಟಿ ಚಿಕಿತ್ಸೆ ಪ್ರಪಂಚದ ಎಷ್ಟೋ ಕಡೆ ಇದೆ. ಚರ್ಮ ಸುಡುವ ಕಪ್ಪು ಮುಲಾಮಿನಲ್ಲಿ ಸಾಮಾನ್ಯವಾಗಿ ಜಿಂಕ್ ಕ್ಲೋರೈಡ್ ಮತ್ತು ಬ್ಲಡ್‌ರೂಟ್ ಎಂಬ ಗಿಡದ ಬೇರು ಇರುತ್ತವೆ. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡೆರಿಕ್ ಮೋಸ್ ಕೂಡ ಇವೇ ಎರಡು ಪದಾರ್ಥ ಇದ್ದ ಲೇಪ ಬಳಸಿದರು! ಎರಡಕ್ಕೂ ಇರುವ ವ್ಯತ್ಯಾಸ ಮೈಕ್ರೋಸ್ಕೋಪು. ಜಿಂಕ್ ಕ್ಲೋರೈಡ್ ಕೋಶಗಳನ್ನು ಕೊಂದರೂ ಅವುಗಳ ಆಕಾರ ಕೆಡಿಸುವುದಿಲ್ಲ ಅಂತ ಮೋಸ್ ಕಂಡುಕೊಂಡಿದ್ದರು. ಲೇಪ ಹಚ್ಚಿದ ಭಾಗವನ್ನು ಕೊಯ್ದು, ತೆಗೆದದ್ದರ ತಳ ಮತ್ತು ಅಂಚನ್ನು ಪೂರ್ತಿ ಪರೀಕ್ಷಿಸುತ್ತಿದ್ದರು. ಕ್ಯಾನ್ಸರ್ ಉಳಿದಿದ್ದರೆ ನಕ್ಷೆಯಲ್ಲಿ ಗುರುತು ಹಾಕಿ, ಅಲ್ಲಿ ಮಾತ್ರ ಮತ್ತೆ ತೆಗೆಯುತ್ತಿದ್ದರು. ಈಗ ಲೇಪ ಹೋಗಿದೆ. ಅಂಗಾಂಶವನ್ನು ಹೆಪ್ಪುಗಟ್ಟಿಸಿ, ರೋಗಿ ಪಕ್ಕದ ಕೋಣೆಯಲ್ಲಿ ಕಾಯುತ್ತಿರುವಾಗಲೇ ನೋಡುತ್ತಾರೆ. ಮೊದಲ ಸಲ ಬಂದ ಗಡ್ಡೆ ಈ ವಿಧಾನದಲ್ಲಿ ಐದು ವರ್ಷವಾದರೂ ಮರಳದಿರುವುದು ನೂರಕ್ಕೆ ಸುಮಾರು 99 ಜನರಲ್ಲಿ. ಕಪ್ಪು ಮುಲಾಮು ಹಚ್ಚಿಕೊಂಡವರಿಗೆ ಈ ಅಂಚಿನ ಲೆಕ್ಕವೇ ಇರುವುದಿಲ್ಲ. ಮೇಲೆ ಹೊಸ ಚರ್ಮ ಮುಚ್ಚಿಕೊಳ್ಳುತ್ತದೆ, ಕೆಳಗೆ ಏಡಿ ಹಾಗೇ ಇರಬಹುದು.

ಎಲ್ಲರಿಗೂ ಮೋಸ್ ವಿಧಾನವೇ ಬೇಕಾಗಿಲ್ಲ. ಅಂಚು ಸ್ಪಷ್ಟವಾಗಿರುವ, 2 ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯನ್ನು ಸುತ್ತಲೂ 4 ಮಿಲಿಮೀಟರ್ ಒಳ್ಳೆಯ ಚರ್ಮದ ಸಮೇತ ತೆಗೆದರೆ ನೂರಕ್ಕೆ 95ರಷ್ಟು ಸಲ ಪೂರ್ತಿ ಬರುತ್ತದೆ. ಹೊಲಿಗೆ ಕಂಡು ಗಾಬರಿಯಾಗುವವರಿಗೆ ಈ ಲೆಕ್ಕ ಮೊದಲೇ ಹೇಳಬೇಕು. ಗುಳ್ಳೆ 6 ಮಿಲಿಮೀಟರ್ ಅಂದುಕೊಳ್ಳಿ. ಎರಡು ಕಡೆ ನಾಲ್ಕು ನಾಲ್ಕು ಸೇರಿ 14. ದುಂಡಗೆ ಕೊಯ್ದು ಹೊಲಿದರೆ ತುದಿಗಳಲ್ಲಿ ಚರ್ಮ ಗುಪ್ಪೆಯಾಗುತ್ತದೆ. ಅದಕ್ಕೇ ಕಣ್ಣಿನ ಆಕಾರದಲ್ಲಿ, ಅಗಲದ ಮೂರರಷ್ಟು ಉದ್ದಕ್ಕೆ ಕೊಯ್ಯುತ್ತಾರೆ. ಅಂದರೆ 4 ಸೆಂಟಿಮೀಟರಿಗೂ ಜಾಸ್ತಿ ಉದ್ದದ ಗೆರೆ. ಕನ್ನಡಿಯಲ್ಲಿ ಅದನ್ನು ನೋಡಿದವರು "ಇಷ್ಟು ದೊಡ್ಡದಿತ್ತಾ? ನನ್ನಿಂದ ಏನೋ ಮುಚ್ಚಿಟ್ಟಿದ್ದಾರೆ" ಅಂತ ಕೊರಗುತ್ತಾರೆ. ಗೆರೆಯ ಉದ್ದಕ್ಕೆ ಕಾರಣ ಹೊಲಿಗೆಯ ಜ್ಯಾಮಿತಿ. ಕೆಲವು ತಿಂಗಳು ಆ ಗೆರೆ ಕೆಂಪಗೆ, ಗಟ್ಟಿಯಾಗಿ ಇರುತ್ತದೆ, ತುರಿಸುತ್ತದೆ, ಸೆಳೆಯುತ್ತದೆ. ಒಳಗೆ ಕೊಲಾಜನ್ ನಾರುಗಳು ತಮ್ಮನ್ನು ತಾವು ಮರುಜೋಡಿಸಿಕೊಳ್ಳುತ್ತಿರುತ್ತವೆ. ಒಂದು ವರ್ಷದವರೆಗೂ ಆ ಕೆಲಸ ನಡೆಯುತ್ತದೆ.

ಚಾಕು ಸಾಗದಷ್ಟು ಬೆಳೆದಿದ್ದರೆ? ಅದಕ್ಕೂ ದಾರಿ ಇದೆ, ಅದರ ಮೂಲ ಕುರಿಮಂದೆಯಲ್ಲಿದೆ. 1950ರ ದಶಕದಲ್ಲಿ ಅಮೆರಿಕದ ಐಡಾಹೋದಲ್ಲಿ ಒಂದೇ ಕಣ್ಣಿನ ಕುರಿಮರಿಗಳು ಹುಟ್ಟಿದವು. ತಾಯಿ ಕುರಿಗಳು ಗಬ್ಬದಲ್ಲಿದ್ದಾಗ ಮೇಯ್ದ ಕಾರ್ನ್ ಲಿಲಿ ಗಿಡದಲ್ಲಿ ಸೈಕ್ಲೋಪಮೀನ್ ಎಂಬ ವಿಷ ಸಿಕ್ಕಿತು. ಮರಿಯ ಮುಖ ರೂಪುಗೊಳ್ಳಲು ಬೇಕಾದ ಹೆಡ್ಜ್‌ಹಾಗ್ ಎಂಬ ಸಂದೇಶವನ್ನು ಅದು ತಡೆಯುತ್ತದೆ. ಬೇಸಲ್ ಸೆಲ್ ಗಡ್ಡೆಯನ್ನು ಬೆಳೆಸುವುದೂ ಅದೇ ಸಂದೇಶ! ಅದನ್ನು ತಡೆಯುವ ವಿಸ್ಮೊಡೆಗಿಬ್ ಮಾತ್ರೆಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇಷ್ಟೆಲ್ಲ ತಿಳಿದ ಮೇಲೂ ರಿಪೋರ್ಟಿಗೆ ಕಾಯುವ ದಿನಗಳು ಕಷ್ಟವೇ. ಅದು ಮನಸ್ಸಿನ ದೌರ್ಬಲ್ಯ ಅಲ್ಲ. 2016ರಲ್ಲಿ ಲಂಡನ್ನಿನಲ್ಲಿ 45 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಕಂಪ್ಯೂಟರ್ ಆಟದಲ್ಲಿ ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವ ವಿದ್ಯುತ್ ಶಾಕ್. ಶಾಕ್ ಖಂಡಿತ ಅಂತ ಗೊತ್ತಿದ್ದಾಗಲೂ ಜನ ಅಷ್ಟು ಬೆವರಲಿಲ್ಲ. ಹಾವಿರುವ ಸಾಧ್ಯತೆ ಸರಿಯಾಗಿ ಅರ್ಧಕ್ಕರ್ಧ ಇದ್ದಾಗಲೇ ಬೆವರು ಜಾಸ್ತಿ, ಕಣ್ಣಿನ ಪಾಪೆ ಅಗಲ. ಹಗ್ಗವೋ ಹಾವೋ ಅಂತ ತಿಳಿಯದ ಗಳಿಗೆಯೇ ಮೈಗೆ ಅತಿ ಭಾರ. ಅದಕ್ಕೇ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಕೇಳಬೇಕು. ಯಾವ ಬಗೆಯದು? ಅಂಚು ಪೂರ್ತಿ ಸ್ವಚ್ಛವಾಗಿದೆಯಾ? ರಿಪೋರ್ಟ್ ಯಾವ ದಿನ ಬರುತ್ತದೆ, ಯಾರು ತಿಳಿಸುತ್ತಾರೆ? ಒಂದೊಂದು ಉತ್ತರಕ್ಕೂ ಒಂದೊಂದು ಕಲ್ಲು ಮಗುಚುತ್ತದೆ.

ಯೋಚಿಸಬೇಡಿ ಅನ್ನುವ ಸಲಹೆ ಯಾಕೆ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಮದ್ದು ಕುಡಿಯುವಾಗ ಮಂಗನ ನೆನಪು ಮಾಡಬೇಡ ಅನ್ನುವ ಮಾತಿನಲ್ಲೇ ಇದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ನೆನೆಯಬೇಡಿ ಅಂದರು. ಅವರಿಗೆ ಅದು ಮತ್ತೆ ಮತ್ತೆ ನೆನಪಾಯಿತು. ಚಿಂತೆಗೆ ಸಮಯ ಗೊತ್ತುಮಾಡುವುದು ಇದಕ್ಕಿಂತ ಒಳ್ಳೆಯ ಉಪಾಯ. ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಇದನ್ನು ಪರೀಕ್ಷಿಸಿದ್ದರು. ದಿನಕ್ಕೆ ಅರ್ಧ ಗಂಟೆ, ಅದೇ ಜಾಗ, ಅದೇ ಹೊತ್ತು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಆ ಅರ್ಧ ಗಂಟೆಗೆ ಮುಂದೂಡಬೇಕು. ತಿಂಗಳುಗಳಾದರೂ ನಿದ್ದೆ ಬರದಿದ್ದರೆ, ಕೆಲಸ ಮಾಡಲಾಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

"ಬಿಸಿಲಿಗೆ ಹೋಗಿ ನಾನೇ ತಂದುಕೊಂಡೆ" ಅನ್ನುವ ಕೊರಗು ಇನ್ನೊಂದು. ಬಿಸಿಲಿನ ಪಾತ್ರ ದೊಡ್ಡದು, ನಿಜ. ಆದರೆ ಆ ಲೆಕ್ಕ ಬಾಲ್ಯದಿಂದ ಜಮೆಯಾಗಿದ್ದು. 2015ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು ನಾಲ್ಕು ಜನರ ಆರೋಗ್ಯವಾಗಿದ್ದ ರೆಪ್ಪೆಯ ಚರ್ಮ ಪರೀಕ್ಷಿಸಿದರು. ಸುಮಾರು ಕಾಲು ಭಾಗ ಕೋಶಗಳಲ್ಲಿ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಬದಲಾವಣೆಗಳು ಆಗಲೇ ಇದ್ದವು. ಅಷ್ಟಿದ್ದೂ ಅಲ್ಲಿ ಕ್ಯಾನ್ಸರ್ ಇರಲಿಲ್ಲ.

ಒಮ್ಮೆ ಬಂದವರಿಗೆ ಬೇರೆ ಜಾಗದಲ್ಲಿ ಹೊಸದೊಂದು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅದು ಹಳೆಯದು ಹರಡಿದ್ದಲ್ಲ, ಬೇರೆಯೇ ಬಿಲ, ಬೇರೆಯೇ ಏಡಿ. ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ಮುಖ, ಕಿವಿಯ ಹಿಂದೆ, ಕತ್ತು, ನೆತ್ತಿ, ಬೆನ್ನು ನೋಡಿಕೊಳ್ಳಿ. ಬೆನ್ನಿಗೆ ಇನ್ನೊಬ್ಬರ ಕಣ್ಣು ಬೇಕು. ಮುತ್ತಿನಂತೆ ಹೊಳೆಯುವ ಗುಳ್ಳೆ, ನಾಲ್ಕು ವಾರವಾದರೂ ಮಾಯದ ಗಾಯ ಕಂಡರೆ ತೋರಿಸಿ. ಉಳಿದ ದಿನಗಳಲ್ಲಿ ಕನ್ನಡಿಯ ಮುಂದೆ ಬೇರೆ ಕೆಲಸಕ್ಕೆ ನಿಲ್ಲಿ.